ಕಾಣದ ಕಿರಣಕ್ಕೊಂದು ಕಾವಲು

ಸುಳ್ಯದ ಕಡೆಯ ರಬ್ಬರು ತೋಟಗಳಲ್ಲಿ ಹೊಗೆಮನೆಗೆ ಬೆಂಕಿಯಿಟ್ಟು ಯಾರೂ ನೆಂಟರ ಮನೆಗೆ ಹೊರಡುವುದಿಲ್ಲ. ಕೋಲುಗಳ ಮೇಲೆ ಸಾಲಾಗಿ ತೂಗುಹಾಕಿದ ಹಸಿ ಶೀಟುಗಳು ದಿನಗಟ್ಟಲೆ ಹೊಗೆ ಕುಡಿದು ಜೇನಿನ ಬಣ್ಣಕ್ಕೆ ತಿರುಗಬೇಕು. ಅಷ್ಟು ದಿನವೂ ಕೆಳಗಿನ ಬೆಂಕಿ ಸಾಯಲೂಬಾರದು, ಮೇಲೇಳಲೂಬಾರದು. ಒಂದು ಶೀಟು ಜಾರಿ ಕೆಂಡದ ಮೇಲೆ ಬಿದ್ದರೆ ಸಾಕು, ಒಳಗಿನ ಮಾಲಿನ ಜೊತೆಗೆ ಹೊಗೆಮನೆಯೂ ಹೋಯಿತೆಂದೇ ಲೆಕ್ಕ. ಆದುದರಿಂದ ಮಲಗುವ ಮುನ್ನ ಟಾರ್ಚು ಹಿಡಿದು ಹೋಗಿ ಒಮ್ಮೆ ನೋಡಿ ಬಂದಲ್ಲದೆ ಮನೆಯ ಯಜಮಾನನಿಗೆ ನಿದ್ದೆ ಹತ್ತುವುದಿಲ್ಲ. ಇದನ್ನು ಯಾರೂ ಪುಸ್ತಕ ಓದಿ ಕಲಿತದ್ದಲ್ಲ.

ಅದೇ ಸುಳ್ಯ, ಪುತ್ತೂರು, ಕಡಬಗಳ ಮಕ್ಕಳ ಕೈಗೆ ಈಗ ಬೇರೊಂದು ಬೆಂಕಿ ಬರುತ್ತಿದೆ. ಇದಕ್ಕೆ ಸೌದೆ ಬೇಡ, ಊದುಗೊಳವೆ ಬೇಡ. ಹೆಚ್ಚೇನು, ಇದು ಕಣ್ಣಿಗೆ ಕಾಣುವುದೂ ಇಲ್ಲ. ಲೇಸರ್ ಕಟರ್ ಎಂಬುದು ಯಂತ್ರದ ಹೆಸರು. ಕಂಪ್ಯೂಟರಿನಲ್ಲಿ ಬರೆದ ಚಿತ್ರವನ್ನು ಓದಿಕೊಂಡು, ಪ್ಲೈವುಡ್ಡನ್ನಾಗಲಿ ಅಕ್ರಿಲಿಕ್ ಹಲಗೆಯನ್ನಾಗಲಿ ರಟ್ಟನ್ನಾಗಲಿ ಕೂದಲೆಳೆಯಷ್ಟು ಸಣ್ಣ ಗೆರೆಯಲ್ಲಿ ಕತ್ತರಿಸಿಕೊಡುವುದು ಅದರ ಕೆಲಸ. ಮದುವೆಯ ಕರೆಯೋಲೆಯ ಜಾಲರಿಯಂಚು, ಬ್ರಹ್ಮಕಲಶೋತ್ಸವದ ಸ್ಮರಣಿಕೆ, ಗೇಟಿನ ಬದಿಯ ಹೆಸರುಫಲಕ, ಎಂಜಿನಿಯರಿಂಗ್ ವಿದ್ಯಾರ್ಥಿಯ ಪ್ರಾಜೆಕ್ಟಿನ ರೋಬೋಟಿಗೆ ಬೇಕಾದ ಅಸ್ಥಿಪಂಜರ, ಇವೆಲ್ಲವೂ ಅದರ ಹೊಟ್ಟೆಯಿಂದ ನಿಮಿಷಗಳಲ್ಲಿ ಹುಟ್ಟಿ ಬರಬಲ್ಲವು. ಒಳ್ಳೆಯ ಯಂತ್ರಕ್ಕೆ ಲಕ್ಷಗಳ ಲೆಕ್ಕದಲ್ಲಿ ಬೆಲೆ. ಸಂಸಾರವಂದಿಗನೊಬ್ಬನು ಮಗನ ಹವ್ಯಾಸಕ್ಕೆಂದು ಕೊಂಡು ತರುವ ವಸ್ತುವಲ್ಲ. ಹಾಗಾಗಿ ಅದು ಕಾಲೇಜಿನ ಕಾರ್ಯಾಗಾರದಲ್ಲೋ, ನಾಲ್ಕು ಮಂದಿ ಸೇರಿ ನಡೆಸುವ ಶೆಡ್ಡಿನಲ್ಲೋ, ಹತ್ತು ಕೈಗಳ ಸೊತ್ತಾಗಿ ಕುಳಿತುಕೊಳ್ಳುತ್ತದೆ.

ತೊಡಕು ಇರುವುದು ಇಲ್ಲಿಯೇ. ಹೊಗೆಮನೆಗೆ ಯಜಮಾನನೊಬ್ಬನಿದ್ದಾನೆ. ಹಂಚಿಕೊಂಡ ಯಂತ್ರಕ್ಕೆ ಎಲ್ಲರೂ ಯಜಮಾನರು. ಎಂದರೆ, ಟಾರ್ಚು ಹಿಡಿದು ಎದ್ದು ಹೋಗಬೇಕಾದ ಹೊತ್ತಿಗೆ ಯಾರೂ ಅಲ್ಲ.

ಬಾರಾಮತಿಯ ಹುಡುಗ

ಈ ಕಿರಣದ ಹುಟ್ಟಿನ ಕಥೆ ನಮ್ಮ ನೆರೆರಾಜ್ಯಕ್ಕೂ ಸಂಬಂಧಿಸಿದ್ದೆಂಬುದು ಅನೇಕರಿಗೆ ತಿಳಿದಿರಲಾರದು. ಪುತ್ತೂರಿನ ಬಾಲವನದಲ್ಲಿ ನೆಲೆಸಿದ್ದ ಶಿವರಾಮ ಕಾರಂತರು 1936ರಲ್ಲಿ ಮಕ್ಕಳಿಗೆ ‘ಬಾಲಪ್ರಪಂಚ’ವನ್ನು ಕೊಟ್ಟ ಬಳಿಕ, ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನು ಹೊರತರಲು 1959ರಲ್ಲಿ ತೊಡಗಿದರಷ್ಟೆ. ಅದರ ಮರುವರ್ಷವೇ, 1960ರ ಮೇ ತಿಂಗಳಲ್ಲಿ, ಅಮೆರಿಕದ ಥಿಯೋಡರ್ ಮೈಮನ್ ಎಂಬ ವಿಜ್ಞಾನಿ ಮಾಣಿಕ್ಯದ ಸಣ್ಣ ದಂಡವೊಂದರಿಂದ ಜಗತ್ತಿನ ಮೊದಲ ಲೇಸರನ್ನು ಹೊಮ್ಮಿಸಿದನು. ಕಾರಂತರು ಒಬ್ಬಂಟಿಯಾಗಿ ಜ್ಞಾನದ ಬೆಟ್ಟವನ್ನು ಕನ್ನಡಕ್ಕೆ ಹೊರುತ್ತಿದ್ದ ಆ ವರ್ಷಗಳಲ್ಲೇ ಬೆಟ್ಟವೂ ಬೆಳೆಯುತ್ತಿತ್ತು!

ಮಾಣಿಕ್ಯದ ಲೇಸರು ಮಿಂಚಿ ಮರೆಯಾಗುವಂಥದು. ಎಡೆಬಿಡದೆ ಉರಿದು, ವಸ್ತುಗಳನ್ನು ಕತ್ತರಿಸಬಲ್ಲ ಲೇಸರನ್ನು ಕಂಡುಹಿಡಿದ ಕೀರ್ತಿ ಚಂದ್ರಕುಮಾರ ಪಟೇಲರದು. ಮಹಾರಾಷ್ಟ್ರದ ಬಾರಾಮತಿಯಲ್ಲಿ 1938ರಲ್ಲಿ ಹುಟ್ಟಿ, ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಪದವಿ ಪಡೆದು, ಸ್ಟ್ಯಾನ್‌ಫರ್ಡಿನಲ್ಲಿ ಡಾಕ್ಟರೇಟ್ ಗಳಿಸಿ, ಅಮೆರಿಕದ ಬೆಲ್ ಪ್ರಯೋಗಾಲಯವನ್ನು ಸೇರಿದ ಈ ತರುಣನು 1964ರಲ್ಲಿ ಆರಿಸಿಕೊಂಡದ್ದು ರತ್ನವನ್ನಲ್ಲ, ಪ್ರತಿಯೊಬ್ಬರೂ ಉಸಿರಿನಲ್ಲಿ ಹೊರಬಿಡುವ ಇಂಗಾಲದ ಡೈ ಆಕ್ಸೈಡನ್ನು! ಗಾಜಿನ ನಳಿಗೆಯೊಳಗೆ ಆ ಅನಿಲವನ್ನು ತುಂಬಿ ವಿದ್ಯುತ್ತನ್ನು ಹರಿಸಿದಾಗ ಕಿರಣ ಹುಟ್ಟಿತು. ಜೊತೆಗೆ ಸಾರಜನಕವನ್ನೂ ಹೀಲಿಯಮ್ಮನ್ನೂ ಬೆರೆಸಿದಾಗ ಅದರ ಬಲವು ನೂರು ವ್ಯಾಟನ್ನೂ ಮೀರಿ ಬೆಳೆಯಿತು. 1967ರಲ್ಲಿ ಇಂಗ್ಲೆಂಡಿನ ಪೀಟರ್ ಹೌಲ್ಡ್‌ಕ್ರಾಫ್ಟ್ ಅದಕ್ಕೆ ಆಮ್ಲಜನಕದ ಊದುಗಾಳಿಯನ್ನು ಜೋಡಿಸಿ ಉಕ್ಕಿನ ತಗಡನ್ನೇ ಕತ್ತರಿಸಿ ತೋರಿಸಿದನು. ಇಂದು ಕಾರ್ಯಾಗಾರಗಳಲ್ಲಿ ಪ್ಲೈವುಡ್ ಕೊಯ್ಯುವ ಯಂತ್ರಗಳ ಹಿಂಬದಿಯಲ್ಲಿ ಅಡ್ಡಲಾಗಿ ಮಲಗಿರುವ ಗಾಜಿನ ನಳಿಗೆಯು ಪಟೇಲರ ಆ ನಳಿಗೆಯ ವಂಶದ್ದೇ.

ನಳಿಗೆಯಿಂದ ಹೊರಟ ಕಿರಣವು ಮೂರು ಕನ್ನಡಿಗಳಲ್ಲಿ ತಿರುಗಿ, ಒಂದು ಸಣ್ಣ ಮಸೂರದ ಮೂಲಕ ಕೆಳಗಿಳಿಯುತ್ತದೆ. ಚಿಕ್ಕಂದಿನಲ್ಲಿ ಭೂತಗನ್ನಡಿ ಹಿಡಿದು ಬಿಸಿಲಿನಲ್ಲಿ ಕಾಗದ ಸುಟ್ಟ ಯಾವನಿಗಾದರೂ ಮುಂದಿನದನ್ನು ಹೇಳಬೇಕಾಗಿಲ್ಲ. ಆ ಆಟದಲ್ಲಿ ಸುಡುವ ಚುಕ್ಕೆ ಹೊಳೆಯುತ್ತಿರುತ್ತದೆ, ಕೈ ಹಿಂದೆಗೆದುಕೊಳ್ಳಲು ಸಮಯವಿರುತ್ತದೆ. ಇಲ್ಲಿನ ಕಿರಣದ ಅಲೆಯ ಉದ್ದ 10.6 ಮೈಕ್ರೋಮೀಟರ್, ಕಣ್ಣು ಗ್ರಹಿಸಬಲ್ಲ ಕೆಂಪಿಗಿಂತ ಹದಿನೈದು ಪಟ್ಟು ಉದ್ದ. ಎಂದರೆ ಉರಿಯುವುದು ಕಾಣುತ್ತದೆ, ಉರಿಸುವುದು ಕಾಣುವುದಿಲ್ಲ. ಎಷ್ಟೋ ಯಂತ್ರಗಳಲ್ಲಿ ಜಾಗ ಗುರುತಿಸಲೆಂದು ಒಂದು ಕೆಂಪು ಚುಕ್ಕೆಯನ್ನು ಇಟ್ಟಿರುತ್ತಾರೆ. ಅದು ಬರೀ ದಾರಿದೀಪ. ‘ಕೆಂಪು ಆರಿದೆ, ಕಿರಣವಿಲ್ಲ’ ಎಂದು ತಿಳಿದು ಕೈ ಚಾಚಿದವನು ಕೆಡುತ್ತಾನೆ.

ಹತ್ತು ಕೈಗಳ ಸೊತ್ತು

ಹಂಚಿಕೆಯ ಕಾರ್ಯಾಗಾರವೆಂಬ ಕಲ್ಪನೆಗೂ ಪಶ್ಚಿಮ ಭಾರತದ ನಂಟಿದೆ. ಅಮೆರಿಕದ ಎಂ.ಐ.ಟಿ. ವಿದ್ಯಾಸಂಸ್ಥೆಯಲ್ಲಿ ನೀಲ್ ಗರ್ಶೆನ್‌ಫೆಲ್ಡ್ ಎಂಬ ಪ್ರಾಧ್ಯಾಪಕರು ರೂಪಿಸಿದ ‘ಫ್ಯಾಬ್ ಲ್ಯಾಬ್’ ಎಂಬ ಸಾರ್ವಜನಿಕ ಕಾರ್ಯಾಗಾರದ ಮಾದರಿಯು ಆ ದೇಶದಿಂದ ಹೊರಗೆ ಮೊದಲು ಬೇರೂರಿದ್ದು 2002ರಲ್ಲಿ, ಪುಣೆಯ ಬಳಿಯ ಪಾಬಳ್ ಎಂಬ ಹಳ್ಳಿಯ ವಿಜ್ಞಾನ ಆಶ್ರಮದಲ್ಲಿ. ಶ್ರೀನಾಥ ಕಲಬಾಗರು 1983ರಲ್ಲಿ ಕಟ್ಟಿದ ಆ ಆಶ್ರಮದಲ್ಲಿ ಶಾಲೆ ಬಿಟ್ಟ ಹಳ್ಳಿಯ ಹುಡುಗರು ಕೈಗೆಲಸದ ಮೂಲಕವೇ ವಿಜ್ಞಾನ ಕಲಿಯುತ್ತಿದ್ದರು. ಬೆಂಗಳೂರಿನಲ್ಲಿ ಹಲಸೂರು ಮೆಟ್ರೋ ನಿಲ್ದಾಣದಲ್ಲೇ ಇಂಥ ಕಾರ್ಯಾಗಾರವೊಂದು ತಲೆಯೆತ್ತಿತು. 2016ರಲ್ಲಿ ನೀತಿ ಆಯೋಗವು ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿಯಲ್ಲಿ ಆಯ್ದ ಶಾಲೆಗಳಿಗೆ ಇಪ್ಪತ್ತು ಲಕ್ಷ ರೂಪಾಯಿಯವರೆಗೆ ನೆರವು ಕೊಡತೊಡಗಿದ ಮೇಲೆ, ಆರನೆಯ ತರಗತಿಯ ಮಕ್ಕಳೂ ಯಂತ್ರಗಳ ಮುಂದೆ ನಿಂತರು.

ಪುತ್ತೂರು-ಸುಳ್ಯದ ಕಡೆ ಇದಕ್ಕೆ ನೆಲ ಹದವಾಗಿಯೇ ಇತ್ತು. ಅಡಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆಯನ್ನು ಕಟ್ಟಿ, 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಚಾಕೊಲೇಟು ಕಾರ್ಖಾನೆಯನ್ನೇ ತೆರೆದವರು. ಕುರುಂಜಿ ವೆಂಕಟರಮಣ ಗೌಡರ ಸಾಹಸದಿಂದ ಅದೇ ವರ್ಷ ಸುಳ್ಯದಲ್ಲಿ ಎಂಜಿನಿಯರಿಂಗ್ ಕಾಲೇಜು ಆರಂಭವಾಯಿತು. 2001ರಲ್ಲಿ ಪುತ್ತೂರಿನ ನೆಹರೂನಗರದಲ್ಲಿ ಇನ್ನೊಂದು. 2018ರಲ್ಲಿ ತಾಲೂಕಾದ ಕಡಬದಿಂದಲೂ ಹುಡುಗ-ಹುಡುಗಿಯರು ದಿನವೂ ಬಸ್ಸೇರಿ ಈ ಊರುಗಳಿಗೆ ಕಲಿಯಲು ಬರುತ್ತಾರೆ. ತೋಟದ ಪಂಪನ್ನು ತಾವೇ ಬಿಚ್ಚಿ ಜೋಡಿಸುವ ಮನೆಗಳ ಮಕ್ಕಳಿಗೆ ಯಂತ್ರದ ಭಯ ಕಡಿಮೆ. ಇದು ಮೆಚ್ಚತಕ್ಕ ಮಾತು. ಸ್ವಲ್ಪ ಅಂಜತಕ್ಕ ಮಾತೂ ಹೌದು.

ಒಂದು ಚಹಾದ ಹೊತ್ತು

ನಾಳೆ ಬೆಳಗ್ಗೆ ಸಮಾರಂಭ. ಇನ್ನೂರು ಸ್ಮರಣಿಕೆಗಳು ತಯಾರಾಗಬೇಕು. ಸಂಜೆ ಆರು ಗಂಟೆಗೆ ಮೂರು ಮಿಲಿಮೀಟರ್ ಅಕ್ರಿಲಿಕ್ ಹಲಗೆಯನ್ನು ಯಂತ್ರದ ಜಾಲರಿಯ ಮೇಲಿಟ್ಟು ಮುಚ್ಚಳ ಹಾಕಿದ ತರುಣನೊಬ್ಬನನ್ನು ಕಲ್ಪಿಸಿಕೊಳ್ಳಿ. ಒಂದು ಹಲಗೆಗೆ ಇಪ್ಪತ್ತು ನಿಮಿಷ. ಮೊದಲಿನ ಹಲಗೆಯನ್ನು ಅವನು ಕಣ್ಣೆವೆ ಮಿಟುಕಿಸದೆ ನೋಡುತ್ತಾನೆ. ಎರಡನೆಯದರ ಹೊತ್ತಿಗೆ ಮೊಬೈಲು ಕೈಗೆ ಬಂದಿರುತ್ತದೆ. ನಾಲ್ಕನೆಯದಕ್ಕೆ ಹೊಟ್ಟೆ ಚುರುಗುಟ್ಟುತ್ತದೆ.

“ಅಣ್ಣಾ, ಇದು ಮುಗಿಯಲಿಕ್ಕೆ ಇನ್ನೂ ಕಾಲು ಗಂಟೆ ಉಂಟು. ಒಂದು ಚಾ ಕುಡಿದು ಬರ್ತೇನೆ.”

“ಹೋಗು ಮಾರಾಯ, ಯಾರು ಬೇಡ ಹೇಳಿದ್ದು? ಮಿಶನ್ ನಿಲ್ಲಿಸಿ ಹೋಗು.”

“ನಿಲ್ಲಿಸಿದರೆ ಗೆರೆ ತಪ್ತದಲ್ಲ?”

“ಹಾಗಾದರೆ ಚಾ ಇಲ್ಲಿಗೇ ತರಿಸು.”

ಇಂಥ ಅಣ್ಣನೊಬ್ಬನಿರುವ ಕಾರ್ಯಾಗಾರ ಪುಣ್ಯ ಮಾಡಿದ್ದು. ಅವನಿಲ್ಲದ ಕಡೆ ಏನಾಗಬಹುದೆಂಬುದು ಅಕ್ರಿಲಿಕ್ಕಿನ ಸ್ವಭಾವವನ್ನು ಬಲ್ಲವರಿಗೆ ಗೊತ್ತು. ಕಿರಣದ ಶಾಖಕ್ಕೆ ಅಕ್ರಿಲಿಕ್ ಕರಗಿ ಆವಿಯಾಗುತ್ತದೆ; ಆ ಆವಿಯೇ ಉರಿಯುವ ಪದಾರ್ಥ. ಸೀಮೆಎಣ್ಣೆಯ ದೀಪದ ಬತ್ತಿಯ ಮೇಲೆ ನಡೆಯುವ ವ್ಯಾಪಾರವೇ ಇಲ್ಲೂ ನಡೆಯುವುದು. ಮೂತಿಯ ಪಕ್ಕದ ಗಾಳಿಯ ಕೊಳವೆಯು ಜ್ವಾಲೆಯನ್ನು ಊದಿ ಆರಿಸುತ್ತಿರುವವರೆಗೆ ಎಲ್ಲವೂ ಸರಿ. ಕೊಳವೆ ಕಳಚಿದರೆ, ಪಂಪು ನಿಂತರೆ, ಗೆರೆಗಳು ಒತ್ತೊತ್ತಾಗಿದ್ದು ಒಂದೇ ಜಾಗ ಮತ್ತೆ ಮತ್ತೆ ಕಾದರೆ, ಸಣ್ಣ ನೀಲಿ ನಾಲಿಗೆಯೊಂದು ಹುಟ್ಟಿ ನಿಲ್ಲುತ್ತದೆ. ಅದರ ಕೆಳಗಿನ ಜೇನುಗೂಡಿನಂಥ ಜಾಲರಿಯಲ್ಲಿ ಹಿಂದಿನವರು ಬಿಟ್ಟುಹೋದ ಚೂರುಗಳಿದ್ದರಂತೂ ಸರಿಯೇ ಹೋಯಿತು! ಮೇಲಿನಿಂದ ಉರಿಯುವ ಹನಿಗಳು, ಕೆಳಗೆ ಒಣ ಸೌದೆ, ಬದಿಯಲ್ಲಿ ಹೊಗೆ ಎಳೆಯುವ ಫ್ಯಾನಿನ ಗಾಳಿ. ಒಲೆ ಹೂಡಲು ಇನ್ನೇನು ಬೇಕು? ಚಹಾ ಕುಡಿಯುವ ಹೊತ್ತು ಇದಕ್ಕೆ ಧಾರಾಳವಾಯಿತು.

ಪಳಗಿದವರು ನೋಡುವ ಗುರುತು ಬಹಳ ಸುಲಭದ್ದು. ಕತ್ತರಿಸುವ ಚುಕ್ಕೆಯ ಬಳಿ ಕಿಡಿ ಮಿನುಗುವುದು ಸಹಜ, ಅದಕ್ಕೆ ಹೆದರಬೇಕಾಗಿಲ್ಲ. ಮೂತಿಯು ಮುಂದಕ್ಕೆ ಸರಿದ ಬಳಿಕವೂ ಹಿಂದೆಯೇ ಉಳಿದುಕೊಂಡು ಉರಿಯುವ ಜ್ವಾಲೆ ಇದೆಯಲ್ಲ, ಅದು ಬೆಂಕಿ. ಕಂಡ ಕೂಡಲೇ ತುರ್ತು ನಿಲುಗಡೆಯ ಕೆಂಪು ಗುಂಡಿಯನ್ನು ಒತ್ತತಕ್ಕದ್ದು. ಮುಚ್ಚಳವನ್ನು ಗಾಬರಿಯಿಂದ ಎತ್ತಿದರೆ ಬೆಂಕಿಗೆ ಹೊಸ ಗಾಳಿಯನ್ನು ಉಣಿಸಿದಂತೆ. ಮುಚ್ಚಿಯೇ ಇಟ್ಟರೆ ಸಣ್ಣ ಜ್ವಾಲೆ ಬಹುಮಟ್ಟಿಗೆ ತಾನೇ ಬಾಡುತ್ತದೆ. ಬಾಡದಿದ್ದರೆ ಇಂಗಾಲದ ಡೈ ಆಕ್ಸೈಡಿನ ಸಿಲಿಂಡರು. ಹುಟ್ಟಿಸಿದ ಅನಿಲವೇ ಆರಿಸಲೂ ಬರುವುದು ಒಂದು ವಿನೋದವೆನ್ನಬೇಕು. ಪುಡಿಯ ಸಿಲಿಂಡರು ಮಸೂರ-ಕನ್ನಡಿಗಳನ್ನು ಕೆಡಿಸುತ್ತದೆಂದು ಹಿಂಜರಿಯುವವರುಂಟು; ಬೇರೇನೂ ಕೈಗೆಟುಕದಿದ್ದರೆ ಅದನ್ನೇ ಬಳಸಬೇಕು. ಕನ್ನಡಿಯನ್ನು ಮತ್ತೆ ಕೊಳ್ಳಬಹುದು. ಆದರೆ ನೀರು ಮಾತ್ರ ಸಲ್ಲದು: ಒಳಗಿನ ನಳಿಗೆಗೆ ಹರಿಯುವುದು ಇಪ್ಪತ್ತು ಸಾವಿರ ವೋಲ್ಟಿನ ಆಸುಪಾಸಿನ ವಿದ್ಯುತ್ತು. ಸ್ವಿಚ್ಚು ಆರಿಸಿದ ಬಳಿಕವೂ ಅದು ಸ್ವಲ್ಪ ಹೊತ್ತು ಒಳಗೆ ಅಡಗಿ ಕುಳಿತಿರುತ್ತದೆ; ಹಿಂಬದಿಯ ಬಾಗಿಲನ್ನು ತೆರೆಯುವುದು ತಂತ್ರಜ್ಞನ ಕೆಲಸವೇ ಹೊರತು ಉತ್ಸಾಹಿಯದಲ್ಲ. ಬೆಂಕಿ ಮುಚ್ಚಳವನ್ನೇ ಹಿಡಿದಿದ್ದರೆ ಯಾವ ಸಿಲಿಂಡರನ್ನೂ ಹುಡುಕುತ್ತ ನಿಲ್ಲದೆ, ಎಲ್ಲರನ್ನೂ ಹೊರಗೆ ಕರೆದುಕೊಂಡು ಬಂದು 112ಕ್ಕೆ ಕರೆ ಮಾಡುವುದೇ ವಿವೇಕ.

ಅಕ್ರಿಲಿಕ್ಕಿಗಿಂತಲೂ ಮೋಸದ ವಸ್ತುವೆಂದರೆ ಕಿರಾಣಿ ಅಂಗಡಿಯ ರಟ್ಟಿನ ಪೆಟ್ಟಿಗೆ. ಪುಕ್ಕಟೆಯಾಗಿ ಸಿಗುವುದರಿಂದ ಮಾದರಿ ಮಾಡುವ ವಿದ್ಯಾರ್ಥಿಗಳಿಗೆ ಅದು ಅಚ್ಚುಮೆಚ್ಚು. ಅದರ ಎರಡು ಪದರಗಳ ನಡುವಿನ ಸುಕ್ಕುಗಟ್ಟಿದ ಕಾಗದವು ಸಾಲು ಸಾಲು ಪುಟ್ಟ ಚಿಮಣಿಗಳಂತೆ ಗಾಳಿಯನ್ನು ಒಳಗೆ ಇಟ್ಟುಕೊಂಡಿರುತ್ತದೆ. ಕಿಡಿ ಒಂದು ತುದಿಯಲ್ಲಿ ಹೊಕ್ಕು ಇನ್ನೊಂದು ತುದಿಯಲ್ಲಿ ಏಳಬಲ್ಲದು. ಅಡಕೆಯ ಹಾಳೆಯ ಮೇಲೆ ಹೆಸರು ಕೆತ್ತಿಸುವ ಆಸೆಯೂ ಈ ಕಡೆಯವರಿಗೆ ಸಹಜವಾಗಿ ಬರುತ್ತದೆ. ವಿಷದ ಭಯ ಅದರಲ್ಲಿಲ್ಲ. ಆದರೆ ಬೇಸಗೆಯ ಹಾಳೆ ಎಂಥ ಒಳ್ಳೆಯ ಉರುವಲೆಂಬುದನ್ನು ಬಚ್ಚಲ ಒಲೆಗೆ ಬೆಂಕಿ ಹಾಕಿದ ಯಾರಾದರೂ ಬಲ್ಲರು.

ಹಸಿರು ಜ್ವಾಲೆ

ಬೆಂಕಿಯಾದರೂ ಕಣ್ಣಿಗೆ ಬೀಳುತ್ತದೆ. ಹೊಗೆಯ ಕೇಡು ಮೆಲ್ಲನೆಯದು. ಯಾವ ವಸ್ತುವನ್ನು ಕಿರಣದ ಕೆಳಗೆ ಇಡಬಾರದೆಂಬ ಪಟ್ಟಿಯಲ್ಲಿ ಮೊದಲನೆಯ ಹೆಸರು ಪಿ.ವಿ.ಸಿ. ಇದು ನೀರಿನ ಪೈಪಷ್ಟೇ ಅಲ್ಲ. ಸ್ಕೂಟರಿನ ಸೀಟಿನ ರೆಕ್ಸಿನ್ನು, ಟ್ಯೂಷನ್ ತರಗತಿಯ ಜಾಹೀರಾತಿನ ಫ್ಲೆಕ್ಸು, ಬೋರ್ಡು ಬರೆಯುವ ಅಂಗಡಿಗಳಲ್ಲಿ ಸನ್‌ಬೋರ್ಡ್ ಎಂದು ಮಾರುವ ಹಗುರವಾದ ಬಿಳಿ ಹಲಗೆಗಳಲ್ಲಿ ಹಲವು, ವಾಹನಗಳಿಗೆ ಅಂಟಿಸುವ ವಿನೈಲು, ಎಲ್ಲವೂ ಅದೇ ಕುಲದವು. ಪಿ.ವಿ.ಸಿ.ಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಕ್ಲೋರಿನ್. ಕಿರಣ ತಗುಲಿದೊಡನೆ ಅದು ಹೈಡ್ರೋಜನ್ ಕ್ಲೋರೈಡ್ ಅನಿಲವಾಗಿ ಬಿಡುಗಡೆಯಾಗುತ್ತದೆ. ತೇವ ಸಿಕ್ಕಿದೊಡನೆ ಹೈಡ್ರೋಕ್ಲೋರಿಕ್ ಆಮ್ಲವಾಗುತ್ತದೆ. ತೇವ ಎಲ್ಲಿದೆ ಎಂದು ಹುಡುಕಬೇಕೆ? ಗಂಟಲಿನಲ್ಲಿದೆ, ಶ್ವಾಸಕೋಶದಲ್ಲಿದೆ, ಕಣ್ಣಿನಲ್ಲಿದೆ. ಪುತ್ತೂರಿನ ಜುಲೈ ತಿಂಗಳ ಗಾಳಿಯಲ್ಲಂತೂ ತುಂಬಿಕೊಂಡಿದೆ. ಯಂತ್ರದ ಉಕ್ಕಿನ ಹಳಿಗಳು ತುಕ್ಕು ಹಿಡಿಯುತ್ತವೆ, ಮಸೂರ ಮಬ್ಬಾಗುತ್ತದೆ. ಒಬ್ಬನು ಅರ್ಧ ಗಂಟೆಯಲ್ಲಿ ಕೊಯ್ದುಕೊಂಡು ಹೋದ ರೆಕ್ಸಿನ್ನಿನ ಬೆಲೆಯನ್ನು ಉಳಿದ ಒಂಬತ್ತು ಮಂದಿ ತೆರಬೇಕಾಗುತ್ತದೆ.

ಚೀಟಿಯಿಲ್ಲದ ಪ್ಲಾಸ್ಟಿಕ್ ತುಂಡು ಕೈಗೆ ಬಂದಾಗ ಅದರ ಕುಲವನ್ನು ಕೇಳುವ ಉಪಾಯವೊಂದನ್ನು ಬೈಲ್‌ಸ್ಟೈನ್ ಎಂಬ ರಸಾಯನವಿಜ್ಞಾನಿ 1872ರಷ್ಟು ಹಿಂದೆಯೇ ಹೇಳಿದ್ದಾನೆ. ಬಯಲಿನಲ್ಲಿ, ಗಾಳಿ ಬೆನ್ನಿಗಿರುವಂತೆ ನಿಂತು, ಹಿಡಿಯಿರುವ ತಾಮ್ರದ ತಂತಿಯ ತುದಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಬೇಕು; ಅದನ್ನು ಪ್ಲಾಸ್ಟಿಕ್ಕಿಗೆ ಮುಟ್ಟಿಸಿ, ಅಂಟಿದ ಚೂರಿನೊಂದಿಗೆ ಮತ್ತೆ ಜ್ವಾಲೆಗೆ ಹಿಡಿಯಬೇಕು. ಜ್ವಾಲೆ ಎಲೆಹಸಿರಾದರೆ ಒಳಗೆ ಕ್ಲೋರಿನ್ ಇದೆ. ಆ ತುಂಡಿಗೆ ಯಂತ್ರದ ಬಳಿ ಜಾಗವಿಲ್ಲ. ಮಕ್ಕಳು ಇದನ್ನು ದೊಡ್ಡವರ ಎದುರಿನಲ್ಲಿಯೇ ಮಾಡಬೇಕು, ಮೂಗು ಹತ್ತಿರ ಒಯ್ಯಬಾರದು.

ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ ಕತ್ತರಿಸುವುದಕ್ಕಿಂತ ಹೆಚ್ಚಾಗಿ ಕರಗುತ್ತದೆ, ಅದರ ಹೊಗೆಯಲ್ಲಿ ಸಯನೈಡಿನ ಅಂಶವಿರುತ್ತದೆ. ಪಾಲಿಕಾರ್ಬೊನೇಟು ಕಂದಾಗಿ ಹೊತ್ತಿಕೊಳ್ಳುತ್ತದೆ. ಥರ್ಮಾಕೋಲಿನ ಮಾತನ್ನು ಎತ್ತಲೇಬೇಕಾಗಿಲ್ಲ. ಮರದ ಹುಡಿಯನ್ನು ಅಂಟಿನಲ್ಲಿ ಒತ್ತಿ ಮಾಡುವ ಎಂ.ಡಿ.ಎಫ್. ಹಲಗೆಯನ್ನು ಕತ್ತರಿಸಬಹುದಾದರೂ ಅದರ ಹೊಗೆಯಲ್ಲಿ ಫಾರ್ಮಾಲ್ಡಿಹೈಡ್ ಇರುವುದನ್ನು ಮರೆಯಲಾಗದು. ಇಲ್ಲೊಂದು ತಮಾಷೆಯುಂಟು. ಮಳೆಯ ನಾಡಿನವರು ಪ್ಲೈವುಡ್ ಕೊಳ್ಳುವಾಗ ನೀರಿಗೆ ಜಗ್ಗದ ‘ಮರೈನ್’ ಜಾತಿಯನ್ನೇ ಕೇಳುವುದು ರೂಢಿ. ಅಡುಗೆಮನೆಯ ಕಪಾಟಿಗೆ ಅದು ಉತ್ತಮವೇ. ಆದರೆ ಅದರಲ್ಲಿ ಬಳಸುವ ಫೀನಾಲಿನ ಅಂಟು ಕಿರಣಕ್ಕೂ ಜಗ್ಗುವುದಿಲ್ಲ! ಹುಡುಗನು ವೇಗ ತಗ್ಗಿಸುತ್ತಾನೆ, ಬಲ ಹೆಚ್ಚಿಸುತ್ತಾನೆ; ಹಲಗೆ ತುಂಡಾಗದೆ ಕರಿಕಲಾಗಿ ಹೊಗೆಯೇಳುತ್ತದೆ. ಅಂಗಡಿಯಲ್ಲಿ ಅಗ್ಗವೆಂದು ಬದಿಗಿಟ್ಟ ಮಾಮೂಲು ಪ್ಲೈವುಡ್ ಇದಕ್ಕೆ ಎಷ್ಟೋ ಮೇಲು.

ಹೊಗೆಯನ್ನು ಎಳೆದು ಹೊರಗೆ ಬಿಡುವ ಕೊಳವೆಯ ಬಾಯಿ ಎಲ್ಲಿಗೆ ತೆರೆದಿದೆಯೆಂಬುದನ್ನೂ ನೋಡಬೇಕು. ಪಕ್ಕದ ತರಗತಿಯ ಕಿಟಕಿಗೆ ತೆರೆದಿದ್ದರೆ, ಈ ಕೋಣೆಯ ಕೇಡನ್ನು ಆ ಕೋಣೆಗೆ ದಾಟಿಸಿದಂತಾಯಿತಷ್ಟೆ. ಕೆಲಸ ಮುಗಿದೊಡನೆ ಮುಚ್ಚಳ ತೆರೆಯುವ ಆತುರವೂ ಕೂಡದು. ಒಳಗಿನ ಹೊಗೆ ಹೊರಗೆ ಹೋಗಲು ಒಂದು ನಿಮಿಷವಾದರೂ ಬೇಕು.

ಮನೆಗೆ ಬಂದ ನೀಲಿ ಬೆಳಕು

ಕಣ್ಣಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಬಹಳ. ಗಾಜಿನ ನಳಿಗೆಯ ಯಂತ್ರದ ಕಿರಣವನ್ನು ಅಕ್ರಿಲಿಕ್ಕಿನ ಪಾರದರ್ಶಕ ಮುಚ್ಚಳವೇ ತಡೆದು ನುಂಗಬಲ್ಲದು. ಆದುದರಿಂದ ಮುಚ್ಚಳ ಹಾಕಿದ ಯಂತ್ರದ ಮುಂದೆ ನಿಂತು ಕೆಲಸ ನೋಡುವುದರಲ್ಲಿ ಅಪಾಯವಿಲ್ಲ. ಮುಚ್ಚಳ ಎತ್ತಿದೊಡನೆ ಕಿರಣ ನಿಲ್ಲುವಂತೆ ಅದರ ಅಂಚಿನಲ್ಲಿ ಸ್ವಿಚ್ಚೊಂದನ್ನು ಇಟ್ಟಿರುತ್ತಾರೆ. ಪದೇಪದೇ ನಿಲ್ಲುವುದು ತೊಂದರೆಯೆಂದು ಆ ಸ್ವಿಚ್ಚಿಗೆ ಅಂಟುಪಟ್ಟಿ ಸುತ್ತಿಯೋ ಅಯಸ್ಕಾಂತ ಅಂಟಿಸಿಯೋ ಮೋಸ ಮಾಡುವ ಚಾಣಾಕ್ಷರು ಎಲ್ಲ ಊರುಗಳಲ್ಲೂ ಇದ್ದಾರೆ. ಅವರು ಮೋಸ ಮಾಡುವುದು ತಮ್ಮ ಬಳಿಕ ಬರುವವನಿಗೆ. ಅವನಿಗೆ ಸ್ವಿಚ್ಚು ಸತ್ತಿರುವುದು ಗೊತ್ತಿಲ್ಲ. ನಂಬಿ ಮುಚ್ಚಳ ತೆರೆದು ತುಂಡು ಎತ್ತಿಕೊಳ್ಳಲು ಕೈ ಹಾಕುತ್ತಾನೆ.

ಇನ್ನು, ಕೆಲವು ಸಾವಿರ ರೂಪಾಯಿಗಳಿಗೆ ಅಂಚೆಯಲ್ಲಿ ಮನೆಬಾಗಿಲಿಗೇ ಬರುವ, ಮುಚ್ಚಳವೇ ಇಲ್ಲದ ಪುಟ್ಟ ಕೆತ್ತನೆ ಯಂತ್ರಗಳ ಮಾತು ಬೇರೆ. ಅವುಗಳ ಕಿರಣ ನೀಲಿ. ನೀಲಿ ಬೆಳಕು ಅಕ್ರಿಲಿಕ್ಕಿನ ಮೂಲಕವೂ ಹಾಯುತ್ತದೆ, ಕಣ್ಣಿನ ಮೂಲಕವೂ ಹಾಯುತ್ತದೆ. ಗಾಜಿನ ನಳಿಗೆಯ ಕಿರಣವು ಕಣ್ಣಿನ ಹೊರಪೊರೆಯನ್ನು ಸುಟ್ಟರೆ, ಈ ನೀಲಿಯನ್ನು ಕಣ್ಣಿನ ಮಸೂರವೇ ಒಂದುಗೂಡಿಸಿ ಒಳಗಿನ ಅಕ್ಷಿಪಟದ ಮೇಲೆ ಚುಕ್ಕೆಯಾಗಿ ಇಳಿಸುತ್ತದೆ; ಅಲ್ಲಿ ಸುಟ್ಟದ್ದು ಮರಳಿ ಚಿಗುರದು. ನೇರವಾಗಿ ನೋಡಬೇಕೆಂದೇನೂ ಇಲ್ಲ. ಸ್ಟೀಲಿನ ಚಮಚದಂಥ ಹೊಳೆಯುವ ವಸ್ತುವಿನಿಂದ ಪುಟಿದ ಕಿರಣವೂ ಸಾಕು. ಲೋಹದ ಮೇಲೆ ಅಕ್ಷರ ಕೊರೆಯುವ ಫೈಬರ್ ಲೇಸರಿನ ಕಿರಣವಂತೂ ಕಾಣದೆಯೇ ಅಕ್ಷಿಪಟವನ್ನು ಸೇರುತ್ತದೆ. ಒಂದು ಜಾತಿಯ ಕಿರಣಕ್ಕೆ ಮಾಡಿದ ಕನ್ನಡಕ ಇನ್ನೊಂದಕ್ಕೆ ಉಪಯೋಗವಿಲ್ಲ. ಕನ್ನಡಕದ ಮೇಲೆ ಅದು ತಡೆಯುವ ಅಲೆಯುದ್ದವನ್ನು ನ್ಯಾನೋಮೀಟರಿನಲ್ಲಿ ಅಚ್ಚು ಹಾಕಿರುತ್ತಾರೆ, ಅದನ್ನು ಯಂತ್ರದ ಚೀಟಿಯೊಂದಿಗೆ ಹೋಲಿಸಿ ನೋಡಬೇಕು. ಮಗನ ಕೋಣೆಯಲ್ಲಿ ಇಂಥ ಯಂತ್ರವೊಂದು ಮೇಜಿನ ಮೇಲೆ ಮಿನುಗುತ್ತಿರುವುದನ್ನು ಕಂಡ ತಾಯಿತಂದೆಯರು ಸುತ್ತ ಒಂದು ಪೆಟ್ಟಿಗೆಯಿದೆಯೆ, ಹೊಗೆಗೆ ದಾರಿಯಿದೆಯೆ, ಬಾಗಿಲು ತಳ್ಳಿಕೊಂಡು ಒಳಗೆ ಬರುವ ತಂಗಿಯ ಕಣ್ಣಿನ ಮಟ್ಟದಲ್ಲಿ ಅದು ಇದೆಯೆ ಎಂಬ ಮೂರು ಪ್ರಶ್ನೆಗಳನ್ನಾದರೂ ಕೇಳದೆ ಬಿಡಬಾರದು. ಅವನು ಸಿಡುಕಬಹುದು; ಸಿಡುಕಲಿ.

ಆಷಾಢದ ಬೆವರು

ಯಂತ್ರದೊಂದಿಗೆ ಬರುವ ಕೈಪಿಡಿಯಲ್ಲಿ ಪಶ್ಚಿಮ ಘಟ್ಟದ ತಪ್ಪಲಿನ ಮಳೆಗಾಲದ ಪ್ರಸ್ತಾಪವಿರುವುದಿಲ್ಲ. ಗಾಜಿನ ನಳಿಗೆ ಕಾಯದಂತೆ ಅದರ ಸುತ್ತ ತಣ್ಣೀರು ಹರಿಯುತ್ತಿರಬೇಕು. ಇಪ್ಪತ್ತು ಡಿಗ್ರಿಯ ನೀರು ಒಳ್ಳೆಯದೆಂದು ಎಲ್ಲೋ ಓದಿ ಹಾಗೆಯೇ ಇಟ್ಟುಬಿಡುವುದು ಸಾಮಾನ್ಯ. ಆದರೆ ಸುಬ್ರಹ್ಮಣ್ಯದ ಕಡೆಯಿಂದ ಮೋಡ ಕವಿದು ಮೂರು ದಿನ ಎಡೆಬಿಡದೆ ಸುರಿಯುತ್ತಿರುವಾಗ ಲೆಕ್ಕ ಬೇರೆಯಾಗುತ್ತದೆ. ಗಾಳಿಯ ಉಷ್ಣತೆ 27 ಡಿಗ್ರಿ, ಆರ್ದ್ರತೆ ನೂರಕ್ಕೆ 90 ಇದ್ದಾಗ, 25 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲಾದರೂ ನೀರ ಹನಿ ಕಟ್ಟುತ್ತದೆ. ತಣ್ಣನೆಯ ಮಜ್ಜಿಗೆ ಹೊಯ್ದ ಲೋಟ ಬೆವರುವಂತೆ ನಳಿಗೆಯೂ ಬೆವರುತ್ತದೆ. ಸಾವಿರಾರು ವೋಲ್ಟಿನ ತಂತಿ ಕೂಡುವ ಜಾಗದಲ್ಲಿ ಬೆವರು! ವಿದ್ಯುತ್ತು ತನ್ನ ದಾರಿ ಬಿಟ್ಟು ಹೊರಗೆ ಜಿಗಿಯಲು ಇದಕ್ಕಿಂತ ಅನುಕೂಲ ಬೇಕಿಲ್ಲ. ಮಳೆಗಾಲದಲ್ಲಿ ನೀರನ್ನು 26 ಡಿಗ್ರಿಯ ಸುಮಾರಿಗೆ ಇಡಬೇಕು. ಮೂವತ್ತು ದಾಟಗೊಟ್ಟರೆ ನಳಿಗೆಗೇ ಕೇಡು. ಹೀಗೆ ಇಕ್ಕಟ್ಟಾದಾಗ ಕೋಣೆಯ ತೇವವನ್ನು ಏರ್ ಕಂಡೀಷನರಿನಿಂದ ತಗ್ಗಿಸುವುದು, ಇಲ್ಲವೆ ಆ ದಿನ ಯಂತ್ರಕ್ಕೆ ರಜೆ ಕೊಡುವುದು ಲೇಸು. ಬಾವಿಯ ನೀರು ಎಷ್ಟೇ ತಿಳಿಯಾಗಿದ್ದರೂ ಲವಣಗಳಿಂದ ಮುಕ್ತವಲ್ಲ. ಬ್ಯಾಟರಿಗೆ ಹಾಕುವ ಭಟ್ಟಿಯಿಳಿಸಿದ ನೀರನ್ನೇ ತುಂಬಬೇಕು.

ಬೇಸಗೆಗೆ ಇದರ ತಿರುವು ಬೇರೆ. ಯಂತ್ರದ ಮೈಗೆ ಸೋರಿದ ವಿದ್ಯುತ್ತನ್ನು ನೆಲಕ್ಕಿಳಿಸುವುದು ಅರ್ತಿಂಗ್ ತಂತಿ. ಮುರಕಲ್ಲಿನ ಒಣ ನೆಲ ವಿದ್ಯುತ್ತನ್ನು ಸಲೀಸಾಗಿ ಒಳಗೆ ಬಿಟ್ಟುಕೊಳ್ಳದು. ಮಾರ್ಚಿಯಿಂದ ಮೊದಲ ಮಳೆಯವರೆಗೆ ಅರ್ತಿಂಗ್ ಗುಂಡಿಗೆ ಅಡಕೆ ಗಿಡಕ್ಕೆ ಹಾಕಿದಂತೆ ನೀರು ಹಾಕುತ್ತಿರಬೇಕು. ಹತ್ತು ಕೈಗಳ ಸೊತ್ತಿನಲ್ಲಿ ಈ ಕೊಡಪಾನ ಯಾರದು?

ಕರೆಂಟು ಹೋಗುವುದು ಈ ತಾಲೂಕುಗಳಲ್ಲಿ ಸುದ್ದಿಯಲ್ಲ. ಕತ್ತರಿಸುತ್ತಿರುವಾಗ ಹೋದರೆ ಕಿರಣವೇನೋ ನಿಲ್ಲುತ್ತದೆ. ಅದರೊಂದಿಗೆ ಗಾಳಿಯ ಕೊಳವೆಯೂ ಹೊಗೆಯ ಫ್ಯಾನೂ ನಿಲ್ಲುತ್ತವೆ. ಪ್ಲೈವುಡ್ಡಿನ ಅಂಚಿನಲ್ಲಿ ಕೆಂಡವೊಂದು ಕತ್ತಲೆಯಲ್ಲಿ ಉಳಿದಿರಬಹುದು. ಮುಖ್ಯ ಸ್ವಿಚ್ಚನ್ನು ಆರಿಸಿ, ಕಿಟಕಿ ತೆರೆದು, ಟಾರ್ಚು ಹಾಕಿ ನೋಡದೆ ‘ಕರೆಂಟು ಬಂದ ಮೇಲೆ ಬರೋಣ’ ಎಂದು ಹೊರಡುವವರು ಹೊಗೆಮನೆಯ ಯಜಮಾನನಿಂದ ಪಾಠ ಹೇಳಿಸಿಕೊಳ್ಳಬೇಕು.

ಇಷ್ಟೆಲ್ಲವನ್ನೂ ಒಬ್ಬನ ನೆನಪಿಗೆ ಬಿಡದಿರಲು, ಸರಿಯಾಗಿ ನಡೆಯುವ ಕಾರ್ಯಾಗಾರಗಳಲ್ಲಿ ಯಂತ್ರದ ಪಕ್ಕದಲ್ಲಿ ದಾರ ಕಟ್ಟಿದ ಪೆನ್ನಿನೊಂದಿಗೆ ಒಂದು ದಪ್ಪ ಪುಸ್ತಕವನ್ನು ಇಟ್ಟಿರುತ್ತಾರೆ. ಬಂದವನು ಹೆಸರು, ಹೊತ್ತು, ವಸ್ತು, ಬಳಸಿದ ವೇಗ ಮತ್ತು ಬಲ, ಕಂಡ ದೋಷ ಇವನ್ನು ಬರೆಯಬೇಕು. ಹೊಸಬನಿಗೆ ಅದಕ್ಕಿಂತ ಒಳ್ಳೆಯ ಗುರುವಿಲ್ಲ. ‘ಗೊತ್ತಿಲ್ಲ’ ಎಂದು ಹಿರಿಯ ವಿದ್ಯಾರ್ಥಿಯನ್ನು ಕೇಳಲು ನಾಚುವವನು ಪುಟ ತಿರುವಿದರೆ, ಇದೇ ಹಲಗೆಯನ್ನು ಮೊನ್ನೆ ಯಾರೋ ಯಾವ ವೇಗದಲ್ಲಿ ಕೊಯ್ದರೆಂಬುದು ಸಿಗುತ್ತದೆ. ಅವನಿಗೆ ಸಿಗುವ ಇನ್ನೊಂದು ಸಾಲು ಹೆಚ್ಚು ಬೆಲೆಯುಳ್ಳದ್ದು: ‘ಮೂರು ಮಿ.ಮೀ. ಪ್ಲೈ. ಎಡಮೂಲೆಯಲ್ಲಿ ಜ್ವಾಲೆ ಎದ್ದಿತು. ನಿಲ್ಲಿಸಿದೆ. ಗಾಳಿಯ ಕೊಳವೆ ಸಡಿಲ.’ ಹೀಗೆ ಬರೆದವನನ್ನು ಗದರಿಸುವ ಮೇಲ್ವಿಚಾರಕನಿದ್ದರೆ, ಮುಂದಿನ ಜ್ವಾಲೆಯನ್ನು ಯಾರೂ ಬರೆಯುವುದಿಲ್ಲ. ಪುಸ್ತಕ ಮಾತ್ರ ಬಹಳ ಚೊಕ್ಕಟವಾಗಿರುತ್ತದೆ.

ಎಲ್ಲರಿಗಿಂತ ಕೊನೆಯಲ್ಲಿ ಹೊರಡುವವನ ಕೆಲಸ ಸ್ವಲ್ಪ ಹೆಚ್ಚು. ಜಾಲರಿಯನ್ನು ಎತ್ತಿ ಕೆಳಗಿನ ಚೂರುಗಳನ್ನು ಗುಡಿಸಿ, ಕಾಗದದ ಬುಟ್ಟಿಗಲ್ಲ, ಮುಚ್ಚಳವಿರುವ ತಗಡಿನ ಡಬ್ಬಿಗೆ ಹಾಕಬೇಕು. ಮಸೂರ ಒಡೆದಿದ್ದರೆ ಬರಿಗೈಯಿಂದ ಮುಟ್ಟದೆ ಮೇಲ್ವಿಚಾರಕನಿಗೆ ತಿಳಿಸಬೇಕು; ಅದು ಗಾಜಲ್ಲ, ಸತು ಮತ್ತು ಸೆಲೀನಿಯಮ್ಮಿನ ಸಂಯುಕ್ತ, ಅದರ ಹುಡಿ ವಿಷ. ಕೊನೆಯ ಹಲಗೆ ಮುಗಿದ ಬಳಿಕ ಅರ್ಧ ಗಂಟೆ ಅಲ್ಲೇ ಇರುವುದು ವಾಡಿಕೆಯಾಗಬೇಕು. ಪುಸ್ತಕದಲ್ಲಿ ಬರೆಯಲಿ, ನೆಲ ಗುಡಿಸಲಿ, ನಾಳೆಯ ಚಿತ್ರ ತಿದ್ದಲಿ. ಕಡಬದ ಕಡೆಗೆ ಹೋಗುವ ಬಸ್ಸಿನ ಹೊತ್ತನ್ನು ನೋಡಿಕೊಂಡು, ಅದಕ್ಕೆ ಅರ್ಧ ಗಂಟೆ ಮೊದಲೇ ಕತ್ತರಿಸುವುದನ್ನು ನಿಲ್ಲಿಸಿದರಾಯಿತು. ಹೊರಡುವಾಗ ಮುಚ್ಚಳದ ಮೇಲೆ ಒಮ್ಮೆ ಅಂಗೈ ಇಟ್ಟು ನೋಡಿ, ತಣ್ಣಗಿದ್ದರೆ ಮುಖ್ಯ ಸ್ವಿಚ್ಚು ಆರಿಸಿ, ಬೀಗದ ಕೈಯನ್ನು ಮೊಳೆಗೆ ತೂಗುಹಾಕಬಹುದು.